ಕಲ್ಲಿನ ಬದಲು ಆನೆಮರಿ

ಜೇಬಿಗೊಂದು ಕಲ್ಲು ಹಾಕಿಕೊಂಡು ಹೋಗಿದ್ದರೆ ಸಾಕಿತ್ತು. ನಾನು ಅಕ್ಕನ ಮಗಳನ್ನು ಕರೆದುಕೊಂಡು ಹೋದೆ. ಹುಟ್ಟಿದಾಗಿನಿಂದ ಮಾಡಿದ ದಡ್ಡತನಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿದರೆ ಅಜ್ಜಂಪುರದ ನೀರಿನ ಟ್ಯಾಂಕಿಗಿಂತ ಎತ್ತರವಾಗುತ್ತದೆ. ಅದರ ತುದಿಯಲ್ಲಿ ಬಾವುಟ ಹಿಡಿದು ನಿಂತಿರುವುದು ಇದೇ.

ಅವತ್ತು ಕಡೂರಿಗೆ ಹೆಣ್ಣು ನೋಡಲು ಹೊರಟಿದ್ದೆವು. ಅಮ್ಮ, ತರೀಕೆರೆಯಿಂದ ಬಂದಿದ್ದ ಸೋದರಮಾವ ಮತ್ತು ನಾನು. ಜೊತೆಗೆ ಬರಬೇಕಿದ್ದ ಅಕ್ಕ ಜ್ವರ ಬಂದು ಮಲಗಿದ್ದಳು. ಅಪ್ಪ ಈರುಳ್ಳಿ ಕೀಳುವ ಆಳುಗಳನ್ನು ಬಿಟ್ಟು ಬರುವಂತಿರಲಿಲ್ಲ. ಒಳ್ಳೆಯ ಕೆಲಸಕ್ಕೆ ಮೂರು ಜನ ಹೋಗಬಾರದು ಅನ್ನುವುದು ನಮ್ಮ ಮನೆಯಲ್ಲಿ ಕಟ್ಟುನಿಟ್ಟು. ಅದಕ್ಕೆ ಉಪಾಯವೂ ಇದೆ: ಒಂದು ಕಲ್ಲನ್ನು ಜೇಬಿಗೆ ಹಾಕಿಕೊಂಡರೆ ಅದೇ ನಾಲ್ಕನೆಯ ಆಳು.

“ಲೇ, ಅಂಗ್ಳದಲ್ಲಿ ಒಂದು ಕಲ್ಲು ಆರ್ಸ್ಕೊಂಡು ಬಾ,” ಅಂದರು ಸೋದರಮಾವ.

“ಕಲ್ಯಾಕೆ ಮಾವ? ಪುಟ್ಟಿ ಬತ್ತಾಳೆ ಬಿಡಿ,” ಅಂದೆ.

ಅಕ್ಕನ ಮಗಳು ಪುಟ್ಟಿಗೆ ಆರು ವರ್ಷ. ಅವಳು ದಿನಾ ನೋಡುವ ಕಾರ್ಟೂನಿನಲ್ಲಿ ಒಂದು ಆನೆಮರಿ ಇದೆ. ಯಾರಾದರೂ ಸುಳ್ಳು ಹೇಳಿದರೆ ಅದು ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಂದು ಅವರ ಕಣ್ಣು ನೋಡಿ, ಸೊಂಡಿಲೆತ್ತಿ ‘ಪೇಂ’ ಅನ್ನುತ್ತದೆ. ಊರವರೆಲ್ಲ ಚಪ್ಪಾಳೆ ತಟ್ಟಿ ಬೆಲ್ಲ ಕೊಡುತ್ತಾರೆ. ಪುಟ್ಟಿ ಇದನ್ನು ಮನೆಯಲ್ಲಿ ಶುರುಮಾಡಿದಾಗ ಅಕ್ಕ ಟಿವಿಗೆ ಶಾಪ ಹಾಕಿದಳು. ನಾನಾದರೋ ತೋಳನ್ನು ಸೊಂಡಿಲಿನ ಹಾಗೆ ಎತ್ತುವುದು ಹೇಗೆ ಎಂದು ತರಬೇತಿ ಕೊಟ್ಟೆ. ಅಪ್ಪ ಬೀಡಿ ಬಿಟ್ಟೆ ಅಂದರೆ ಪೇಂ. ಅಮ್ಮ ಅಡುಗೆಮನೆಯಲ್ಲೇ ನಿಂತು ಫೋನಿನಲ್ಲಿ “ಹೊರಟ್ವಿ, ಬೀರೂರು ದಾಟಿದ್ವಿ” ಅಂದರೆ ಪೇಂ. ನಾನು ನೆಲಕ್ಕೆ ಬಿದ್ದು ನಗುತ್ತಿದ್ದೆ. ಸುಳ್ಳು ಹೇಳುವ ಸರದಿ ನನಗೂ ಬರುತ್ತದೆ ಅನ್ನುವುದು ತಲೆಗೇ ಬಂದಿರಲಿಲ್ಲ.

ಕಡೂರಿನ ಹುಡುಗಿಯ ಫೋಟೋ ನೋಡಿದಾಗಿನಿಂದ ನನಗೆ ಊಟ ಸೇರುತ್ತಿರಲಿಲ್ಲ. ಮೂರು ಹೊತ್ತು ತಿನ್ನುವವನು ಎರಡೂಮುಕ್ಕಾಲು ಹೊತ್ತಿಗೆ ಇಳಿದಿದ್ದೆ. ಅವಳು ಒಪ್ಪದಿದ್ದರೆ ಉಳಿದ ಎರಡೂಮುಕ್ಕಾಲು ಹೊತ್ತಿನ ಕಥೆ ಏನು ಎಂದು ಯೋಚಿಸುತ್ತಲೇ ಕಡೂರು ತಲುಪಿದೆ.

ಚಾಪೆಯ ಮೇಲೆ ಕೂತೆವು. ಕೋಡುಬಳೆ, ಕೇಸರಿಬಾತು ಬಂದವು. ಹುಡುಗಿ ಕಾಫಿ ಕೊಟ್ಟು ಅವಳಮ್ಮನ ಪಕ್ಕ ಕೂತಳು. ಫೋಟೋ ಏನೇನೂ ಅಲ್ಲ ಅನ್ನಿಸಿತು. ಸೋದರಮಾವ ಗಂಟಲು ಸರಿಮಾಡಿಕೊಂಡರು.

“ನಮ್ಮ ಹುಡುಗ ಬೆಳಿಗ್ಗೆ ಐದಕ್ಕೆ ಎದ್ದು ತೋಟಕ್ಕೆ ಹೋಗ್ತಾನೆ ಕಣ್ರೀ.”

ಪುಟ್ಟಿ ತಟ್ಟೆ ಕೆಳಗಿಟ್ಟಳು. ಅವರ ಮೂಗಿಗೆ ಮೂಗಿಟ್ಟು ನೋಡಿದಳು. ತೋಳೆತ್ತಿದಳು.

“ಪೇಂ. ಮಾಮ ಏಳೋದು ನಮ್ಮ ಸ್ಕೂಲ್ ಬಸ್ ಹೋದ್ಮೇಲೆ.”

ಅಮ್ಮ ನಗುತ್ತಲೇ ಮಾತು ತಿರುಗಿಸಿದಳು. “ಮಕ್ಳು ಏನೋ ಹೇಳ್ತವೆ ಬಿಡಿ. ಓಡಾಡಕ್ಕೆ ಇವ್ನೇ ಕಾರು ತಗೊಂಡವ್ನೆ.”

“ಪೇಂ. ಅದು ಪಕ್ಕದ್ಮನೆ ಅಂಕಲ್‌ದು. ಒಳ್ಗೆ ಚಿಪ್ಸ್ ತಿನ್ಬೇಡ ಅಂತ ಹೇಳವ್ರೆ.”

ನನ್ನ ಜೀವ ಟಿಕೆಟ್ ಇಲ್ಲದೆ ರೈಲು ಹತ್ತಿತ್ತು. ಅಷ್ಟಕ್ಕೆ ಬಾಯಿ ಮುಚ್ಚಿಕೊಂಡಿದ್ದರೆ ನಾನು ನಾನಾಗಿರುತ್ತಿರಲಿಲ್ಲ. ಮಾನ ಉಳಿಸಿಕೊಳ್ಳಲು, “ನಂಗೆ ಅಡುಗೆ ಎಲ್ಲಾ ಬರುತ್ತೆ,” ಅಂದುಬಿಟ್ಟೆ.

“ಪೇಂ. ಮಾಮ ನೀರು ಹಾಕ್ದೆ ಕುಕ್ಕರ್ ಇಟ್ಟಿದ್ದ. ಅಜ್ಜಿ ಪೊರಕೆ ತಗೊಂಡಿದ್ಲು.”

ಹುಡುಗಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳಪ್ಪ ಮಾತ್ರ ನಗಲಿಲ್ಲ. ಎದ್ದು ನಿಲ್ಲುವವರ ಹಾಗೆ ಪಂಚೆ ಸರಿಮಾಡಿಕೊಂಡರು. ಆಗ ಹುಡುಗಿಯೇ ನೇರವಾಗಿ ನನ್ನನ್ನು ಕೇಳಿದಳು.

“ಅದೆಲ್ಲ ಇರ್ಲಿ. ನಿಮ್ಗೆ ನಾನು ಒಪ್ಪಿಗೆನಾ, ಇಲ್ಲಾ ಮನೆಯೋರ ಬಲವಂತಕ್ಕೆ ಬಂದಿದ್ದೀರಾ?”

“ಒಪ್ಪಿಗೆ,” ಅಂದೆ. “ಫೋಟೋ ನೋಡ್ದಾಗ್ಲೇ.”

ಇಡೀ ಮನೆ ಪುಟ್ಟಿಯ ಕಡೆ ತಿರುಗಿತು. ಅವಳು ನಿಧಾನವಾಗಿ ಬಂದಳು. ಕೇಸರಿಬಾತಿನ ವಾಸನೆಯ ಮೂಗು ನನ್ನ ಮೂಗಿಗೆ ತಾಗಿತು. ಕಣ್ಣು ನೋಡಿದಳು. ಎಷ್ಟು ಹೊತ್ತು ನೋಡಿದಳೆಂದರೆ, ಅಷ್ಟರಲ್ಲಿ ಚಿಕ್ಕಮಗಳೂರಿಗೆ ಬಸ್ಸಲ್ಲಿ ಹೋಗಿ ಬರಬಹುದಿತ್ತು. ಆಮೇಲೆ ತೋಳೆತ್ತದೆ, ಏನೂ ಅನ್ನದೆ ವಾಪಸ್ಸು ಹೋಗಿ ಕೋಡುಬಳೆ ಕಡಿದಳು.

“ಯೋಚ್ನೆ ಮಾಡಿ ತಿಳಿಸ್ತೀವಿ,” ಅಂದರು ಹುಡುಗಿಯ ಅಪ್ಪ. ಹಾಗಂದರೆ ಏನು ಎಂದು ಎಲ್ಲರಿಗೂ ಗೊತ್ತು.

ಕಾರು ಹತ್ತಿದ ಕೂಡಲೇ ಅಮ್ಮ ಪುಟ್ಟಿಯ ತೊಡೆ ಚಿವುಟಿದಳು. “ಹೋಗ್ತಿದ್ದಂಗೇ ಆ ಟಿವಿ ವೈರ್ ಕಿತ್ತಾಕ್ತೀನಿ.”

“ಕಲ್ಲು ತಗೋ ಅಂದೆ,” ಅಂದರು ಸೋದರಮಾವ. “ಕಲ್ಲು ಮಾತಾಡಲ್ಲ ಕಣೋ.”

ಪುಟ್ಟಿ ಬಿಕ್ಕುತ್ತಾ ನನ್ನನ್ನು ಕೇಳಿದಳು. “ಮಾಮ, ಆನೆಮರಿಗೆ ಎಲ್ರೂ ಬೆಲ್ಲ ಕೊಡ್ತಾರೆ. ನಂಗ್ಯಾಕೆ ಅಜ್ಜಿ ಚಿವುಟಿದ್ಲು?”

ಸುಳ್ಳು ಹೇಳಿದವರು ನಾವು ಮೂವರು, ಪೆಟ್ಟು ತಿಂದವಳು ಅವಳೊಬ್ಬಳೇ. ಬೀರೂರಿನಲ್ಲಿ ಕಾರು ನಿಲ್ಲಿಸಿ ಅಂಗಡಿಯಿಂದ ಬೆಲ್ಲದ ಅಚ್ಚು ತಂದು ಅವಳ ಕೈಗಿಟ್ಟೆ. “ನಿಂದೇನೂ ತಪ್ಪಿಲ್ಲ ಕಣೇ,” ಅಂದೆ. ಅವಳು ಮೂಗು ಹತ್ತಿರ ತಂದು ಪರೀಕ್ಷೆ ಮಾಡಿದ ಮೇಲೇ ಬೆಲ್ಲ ಬಾಯಿಗೆ ಹಾಕಿಕೊಂಡಳು.

ಮೂರನೆಯ ದಿನ ಸಂಜೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಕಡೂರಿನ ಹುಡುಗಿ. ನಾನು ಎದ್ದು ನಿಂತ ರಭಸಕ್ಕೆ ಟೀ ಲೋಟ ಉರುಳಿತು. ಅಪ್ಪನನ್ನು ಒಪ್ಪಿಸಿದೆ ಅನ್ನುತ್ತಾಳೋ, ಬೇಡ ಅನ್ನುತ್ತಾಳೋ ತಿಳಿಯದೆ, ಊಟ ಆಯ್ತಾ ಎಂದು ಕೇಳಿದೆ. ಸಂಜೆ ಐದು ಗಂಟೆಗೆ.

“ಆಯ್ತು,” ಅಂದಳು. “ನಿಮ್ಗೊಂದು ಮಾತು ಹೇಳ್ಬೇಕು. ಮೊದ್ಲು ಫೋನ್ ವಿಡಿಯೋ ಕಾಲ್‌ಗೆ ಹಾಕಿ, ಪುಟ್ಟಿನ ಪಕ್ಕ ಕೂರಿಸ್ಕೊಳ್ಳಿ. ನಂದು ನಿಜಾನೋ ಸುಳ್ಳೋ ಅವ್ಳೇ ಹೇಳ್ಲಿ.”