ಕೇಳಿದ ಗಿಡ, ಕದ್ದ ಗಿಡ

ಐರಿಸ್ ಕುಟುಂಬದ ಗಿಡಗಳ ಮೇಲೆ ನಾನು ಸಂಶೋಧನೆ ಮಾಡ್ತಿದ್ದ ಕಾಲ. ಭದ್ರಾವತಿಯ ನ್ಯೂಟೌನ್‌ನಲ್ಲಿ ಒಂದು ಕ್ವಾರ್ಟರ್ಸ್ ಮುಂದೆ, ಕೇಸರಿ ಎಸಳಿನ ಮೇಲೆ ಕೆಂಪು ಚುಕ್ಕಿಯ ಹೂವು ಕಂಡಿತು. ಎಷ್ಟು ದಿನದಿಂದ ಹುಡುಕ್ತಿದ್ದ ಗಿಡ! ಆ ಹೂವು ಸಂಜೆಯೊಳಗೆ ಮುದುಡಿಹೋಗುತ್ತೆ. ಗೇಟು ತೆಗೆದವಳೇ, "ಅಮ್ಮಾ, ಒಂದು ಗಿಡ ಗಡ್ಡೆ ಸಮೇತ ಕೊಡ್ತೀರಾ?" ಅಂದೆ.

"ಕೊಡಲ್ಲ," ಅಂದ್ರು ಮನೆಯಾಕೆ. "ಕೇಳಿ ತಗೊಂಡ ಗಿಡ ಬದುಕಲ್ಲ ಮಾರಾಯ್ತಿ, ಕದ್ದಿದ್ದೇ ಬದುಕೋದು. ನಾನು ಒಳಗೆ ಹೋಗಿ ಕಾಫಿಗೆ ನೀರಿಡ್ತೀನಿ. ನೀನು ಕದ್ಕೋ."

"ಬದುಕೋದೇನೂ ಬೇಡಮ್ಮ, ನನ್ನ ಸಂಶೋಧನೆಗೆ ಪೇಪರ್ ಮಧ್ಯೆ ಒತ್ತಿ ಒಣಗಿಸೋಕೆ," ಅಂದುಬಿಟ್ಟೆ.

ಆಕೆಯ ಮುಖ ಬಾಡಿತು. "ಒಣಗಿಸೋಕಾ? ಇಷ್ಟು ಓದಿದ್ದು ಇದಕ್ಕಾ?"

ಕೊನೆಗೆ ಆಕೆಯೇ ತೀರ್ಪು ಕೊಟ್ರು: "ಸರಿ, ಒಂದು ನಾನೇ ಕೊಡ್ತೀನಿ. ಅದು ಹೇಗೂ ಬದುಕಲ್ಲ, ಒಣಗಿಸ್ಕೋ. ಇನ್ನೊಂದು ಕದ್ಕೊಂಡು ಹೋಗಿ ಮನೇಲಿ ನೆಡು."

ಕೊಟ್ಟಿದ್ದು ಕಾಲೇಜಿನ ಬೀರುವಿನಲ್ಲಿ ಹಾಳೆಗೆ ಅಂಟಿಕೊಂಡಿದೆ. ಕದ್ದಿದ್ದು ಶಿವಮೊಗ್ಗದ ನಮ್ಮ ಕಾಂಪೌಂಡ್ ತುಂಬ ಹಬ್ಬಿದೆ. ಮೊನ್ನೆ ಬೆಳಿಗ್ಗೆ ಪಕ್ಕದ ಮನೆಯವರು ಅತ್ತಿತ್ತ ನೋಡಿ ಅದರ ಬುಡಕ್ಕೆ ಕೈ ಹಾಕ್ತಿದ್ರು.

ನಾನು ಒಳಗೆ ಹೋಗಿ ಕಾಫಿಗೆ ನೀರಿಟ್ಟೆ.