ಅಕ್ಕನ ಹಾಡಿಗೆ ನಾನು ಬಾರಿಸಿದ ಡ್ರಮ್

ಅಕ್ಕ ಔರಾದದ ಸರಕಾರಿ ದವಾಖಾನೆಯಲ್ಲಿ ನರ್ಸ್. ನಾನು ಬೀದರಿನ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತೆ. ಐತವಾರ ಇಬ್ಬರೂ ಭಾಲ್ಕಿಯ ತವರುಮನೆಗೆ ಬರುತ್ತಿದ್ದೆವು. ಅಜ್ಜಿಯಿಂದ ಕಲಿತ ಬುದ್ಧವಿಹಾರದ ಹಾಡುಗಳನ್ನು ಅಕ್ಕ ಹಾಡುತ್ತಿದ್ದಳು. ಅವು ಅರ್ಧ ಕನ್ನಡ, ಅರ್ಧ ಮರಾಠಿ. ಚಿಕ್ಕಂದಿನಿಂದ ತಾಟು, ಡಬ್ಬಿ ಬಡಿದು ಅವಳಿಗೆ ಸಾಥ್ ಕೊಡುತ್ತಿದ್ದ ನಾನು ಮೂವತ್ತೆಂಟನೆಯ ವಯಸ್ಸಿನಲ್ಲಿ ಎಲೆಕ್ಟ್ರಾನಿಕ್ ಡ್ರಮ್ ತಂದುಕೊಂಡೆ. ರಬ್ಬರಿನ ಪ್ಯಾಡುಗಳು, ಕಾಲಿಗೊಂದು ಪೆಡಲ್. ಹೆಡ್‌ಫೋನ್ ಹಾಕಿಕೊಂಡರೆ ಡ್ರಮ್ಮಿನ ಸದ್ದು ನನಗೊಬ್ಬಳಿಗೇ, ಹೊರಗಿನವರಿಗೆ ಬರೀ ಟಪ್ ಟಪ್.

"ಯಾರೋ ರೊಟ್ಟಿ ಬಡದಂಗ ಕೇಳ್ತದ" ಎಂದು ಅಕ್ಕ ನಗುತ್ತಿದ್ದಳು.

ಅವಳ ದನಿಯ ಜೊತೆ ಡ್ರಮ್ಮೂ ಕೇಳಿಸಬೇಕೆಂದರೆ ಆಂಪ್ಲಿಫೈಯರ್ ಬೇಕು. ಇಬ್ಬರೂ ಬೀದರಿನ ಅಂಗಡಿಗೆ ಹೋದೆವು. "ಗಿಟಾರಿಂದು ಇದಕ್ಕ ಹೊಂದಂಗಿಲ್ರಿ ಅಕ್ಕೋರ. ಡ್ರಮ್ಮಿನಾಗ ದಪ್ಪ ಆವಾಜೂ ಇರ್ತದ, ಸಣ್ಣ ಆವಾಜೂ ಇರ್ತದ. ಎರಡೂ ಸಾಫ್ ಬರೋದು ತೊಗೊಳ್ರಿ" ಎಂದ ಅಂಗಡಿಯವ, ಎರಡು ಪೆಟ್ಟಿಗೆ ಮುಂದಿಟ್ಟ. ಸಣ್ಣದರಲ್ಲಿ ಮೈಕಿಗೂ ಡ್ರಮ್ಮಿಗೂ ಬೇರೆ ಬೇರೆ ಜಾಗವಿತ್ತು.

"ಇದೇ ಇರಲಿ. ನಂದೂ ನಿಂದೂ ಒಂದರಾಗೇ ಬರ್ತದ. ಬಸ್ಸಿನಾಗೂ ಒಯ್ಯಬಹುದು" ಎಂದಳು ಅಕ್ಕ.

ದೊಡ್ಡದಕ್ಕೆ ಅಂಗಡಿಯ ಡ್ರಮ್ ಜೋಡಿಸಿಸಿಕೊಂಡು ನಾನು ಪೆಡಲ್ ತುಳಿದೆ. ಅಂಗಡಿಯ ಗಾಜು ನಡುಗಿತು, ನನ್ನ ಎದೆಯೂ ನಡುಗಿತು. ಅದರಲ್ಲಿ ಮೈಕಿಗೆ ಜಾಗವಿರಲಿಲ್ಲ. ಅದನ್ನೇ ಕೊಂಡೆ. ಅಕ್ಕ ಪೆಟ್ಟಿಗೆಯ ಒಂದು ಬದಿ ಹಿಡಿದು ಆಟೋಕ್ಕೆ ಏರಿಸಿದಳು.

ಆಮೇಲೆ ಲಯದ ಅಭ್ಯಾಸ. ಡ್ರಮ್ಮಿನೊಳಗೇ ಟಿಕ್ ಟಿಕ್ ಎಂದು ಎಣಿಸುವ ವ್ಯವಸ್ಥೆ ಇತ್ತು. ಮಿನಿಟಿಗೆ ಎಷ್ಟು ಪೆಟ್ಟು ಬೇಕೋ ಅಷ್ಟಕ್ಕೆ ಇಡಬಹುದು. ಜೋರಾಗಿ ಬಾರಿಸಿದಾಗೆಲ್ಲ ನನ್ನ ಕೈ ಓಡುತ್ತದೆಂದು ಅದು ತೋರಿಸಿಕೊಟ್ಟಿತು. ತಿಂಗಳುಗಟ್ಟಲೆ ತಿದ್ದಿಕೊಂಡೆ. ನಾನು ತಿದ್ದಿಕೊಂಡ ಮೇಲೆ ಅಕ್ಕನನ್ನು ತಿದ್ದಲು ಹೊರಟೆ. ಅವಳ ಹಾಡಿಗೆ ಎಂಬತ್ತನಾಲ್ಕು ಸರಿಹೋಗುತ್ತಿತ್ತು. ಆದರೆ ಪ್ರತಿ ಸಾಲಿನ ಕೊನೆಯಲ್ಲಿ ಮಾತನ್ನು ಎಳೆದು ಒಂಚೂರು ನಿಲ್ಲುವಳು.

"ಅಕ್ಕಾ, ಹಿಂದ ಬೀಳ್ಲಾಕತ್ತೀ."

"ಬೀಳ್ಲಾಕತ್ತಿಲ್ಲವ್ವಾ, ಉಸಿರು ತೊಗೊಳ್ಲಾಕತ್ತೀನಿ."

"ಜಲ್ದಿ ತೊಗೋ."

ಎರಡು ತಿಂಗಳು ಅವಳು ತೊಡೆ ತಟ್ಟಿಕೊಳ್ಳುತ್ತ ಹಾಗೇ ಕಲಿತಳು. ದವಾಖಾನೆಯಲ್ಲಿ ಎಷ್ಟೋ ಬಾಣಂತಿಯರಿಗೆ ಧೈರ್ಯ ಹೇಳಿದ ಹೆಂಗಸು ನನ್ನ ಮುಂದೆ ಸಾಲಿ ಹುಡುಗಿಯಂತೆ ನಿಲ್ಲುತ್ತಿದ್ದಳು.

ಬುದ್ಧ ಪೂರ್ಣಿಮೆಯ ಮಧ್ಯಾಹ್ನ ಸಾಯಗಾಂವದ ವಿಹಾರದಲ್ಲಿ ನಮ್ಮ ಹಾಡಿತ್ತು. ನಮಗಿಂತ ಮೊದಲು ಹಾಡಿದವರು ಚುರುಕಾಗಿ ಹಾಡಿ ಭರ್ಜರಿ ಚಪ್ಪಾಳೆ ಗಿಟ್ಟಿಸಿದ್ದರು. ಅಕ್ಕ ಹತ್ತು ಹೆಜ್ಜೆ ಆಚೆ ಮೈಕ್ ನೋಡುತ್ತಿದ್ದಳು. ನಾನು ಎಂಬತ್ತನಾಲ್ಕನ್ನು ತೊಂಬತ್ತೆರಡಕ್ಕೆ ಏರಿಸಿದೆ. ಹೇಳಲಿಲ್ಲ. ಹೇಳಿದರೆ ಬೇಡವೆನ್ನುತ್ತಾಳೆಂದು ಗೊತ್ತಿತ್ತು.

ಮೊದಲ ನುಡಿ ಹೇಗೋ ದಾಟಿತು. ನನ್ನ ಕಿವಿಯಲ್ಲಿ ಟಿಕ್ ಟಿಕ್, ಕಣ್ಣು ಪ್ಯಾಡಿನ ಮೇಲೆ. ಒಂದು ಪೆಟ್ಟೂ ತಪ್ಪಲಿಲ್ಲವೆಂದು ಒಳಗೊಳಗೇ ಹಿಗ್ಗುತ್ತಿದ್ದೆ. ತಲೆಯೆತ್ತಿದಾಗ ಮುಂದಿನ ಸಾಲಿನ ಹೆಂಗಸರು ಸೆರಗು ಬಾಯಿಗೆ ಹಚ್ಚಿಕೊಂಡು ನಗುತ್ತಿದ್ದರು. ಅಕ್ಕ ಮೈಕ್ ಕೆಳಗಿಳಿಸಿ ನಿಂತಿದ್ದಳು, ಭುಜಗಳು ಏರಿಳಿಯುತ್ತಿದ್ದವು. ಅವಳು ಯಾವಾಗ ನಿಲ್ಲಿಸಿದಳೋ, ನಾನೊಬ್ಬಳೇ ಎಷ್ಟು ಹೊತ್ತು ಬಾರಿಸಿದೆನೋ, ಇವತ್ತಿಗೂ ಗೊತ್ತಿಲ್ಲ.

ಭಾಲ್ಕಿಗೆ ವಾಪಸು ಬರುವಾಗ ಆಟೋದಲ್ಲಿ ಅವಳೇ ಮಾತಾಡಿದಳು. "ನನ್ನ ಉಸಿರೇ ಸಾಲಲಿಲ್ಲ ನೋಡು. ವಯಸ್ಸಾತು. ನಿಂದೇನೂ ತಪ್ಪಿಲ್ಲ, ಮನಸ್ಸಿಗೆ ಹಚ್ಕೋಬ್ಯಾಡ."

"ಹೂಂ" ಎಂದೆ.

ಆ ಒಂದು ಹೂಂ ನನ್ನನ್ನು ಮೂರು ವರ್ಷ ತಿಂದಿತು. ಅಕ್ಕನಿಗೆ ಐತವಾರವೂ ಡ್ಯೂಟಿ ಬೀಳತೊಡಗಿತು, ಅಥವಾ ಅವಳೇ ಹಾಕಿಸಿಕೊಂಡಳು. ಭೆಟ್ಟಿಯಾದಾಗ ಊಟ, ಮಕ್ಕಳ ಓದು, ಎಲ್ಲ ಮಾತಾಡುವೆವು, ಹಾಡಿನ ಸುದ್ದಿ ಮಾತ್ರ ಇಲ್ಲ. ನಾನು ಆ ದೊಡ್ಡ ಪೆಟ್ಟಿಗೆಯನ್ನು ಭಾಲ್ಕಿಯ ಒಂದು ಬ್ಯಾಂಡಿನವರಿಗೆ ಕೊಟ್ಟುಬಿಟ್ಟೆ.

ಹೋದ ತಿಂಗಳು ತಡೆಯಲಾರದೆ ಔರಾದಕ್ಕೆ ಹೋದೆ. ಅಕ್ಕ ತನ್ನ ಕ್ವಾರ್ಟರ್ಸಿನಲ್ಲಿ ಬಳ್ಳೊಳ್ಳಿ ಸುಲಿಯುತ್ತ ಕೂತಿದ್ದಳು. ನಾನೂ ನಾಲ್ಕು ಎಸಳು ಸುಲಿದೆ. ಆಮೇಲೆ ಅವಳ ಮುಖ ನೋಡದೆ ಹೇಳಿದೆ. "ಅಕ್ಕಾ, ಸಾಯಗಾಂವದಾಗ ನಾನೇ ಲಯ ಏರಿಸಿದ್ದೆ. ನಿನಗ ಹೇಳಿದ್ದಿಲ್ಲ."

ಅವಳ ಕೈ ನಿಂತಿತು.

"ಎಷ್ಟು?"

"ಎಂಟು."

ಅವಳು ಬಳ್ಳೊಳ್ಳಿಯ ತಾಟನ್ನು ಬದಿಗೆ ಸರಿಸಿದಳು. "ಅದಾದ ಮ್ಯಾಲ ನಾ ಬೀದರಿಗಿ ಹೋಗಿ ಎದಿ ಎಕ್ಸ್‌ರೇ ತೆಗೆಸಿದ್ದೆ, ಗೊತ್ತದೇನು ನಿನಗ? ಯಾರಿಗೂ ಹೇಳಿದ್ದಿಲ್ಲ. ಏನೂ ಬರಲಿಲ್ಲ. ಹಂಗಾದರ ಮುಪ್ಪೇ ಬಂತು ಅನ್ಕೊಂಡೆ" ಎಂದಳು. ಬಳ್ಳೊಳ್ಳಿ ಸಿಪ್ಪೆಗಳನ್ನು ಒಂದೊಂದಾಗಿ ಒಟ್ಟುಮಾಡಿದಳು. "ಆವತ್ತೇ ಆಟೋದಾಗ ಹೇಳಿದ್ದರ ನಾಲ್ಕು ಮಾತು ಬೈತಿದ್ದೆ. ಮುಂದಿನ ವಾರ ಹಾಡ್ತಿದ್ದೆ."

"ಈಗ ಹಾಡು ಅಕ್ಕಾ. ನಾ ಬಾರಿಸಂಗಿಲ್ಲ, ಬರೇ ಕೇಳ್ತೇನಿ."

"ಎರಡನೇ ನುಡಿ ನೆನಪಿಲ್ಲ" ಎಂದಳು. ಸಿಟ್ಟು ಇರಲಿಲ್ಲ. ಸಿಟ್ಟಿದ್ದರೆ ನನಗೆ ಹಗುರಾಗುತ್ತಿತ್ತು. ಅಜ್ಜಿ ಆ ಹಾಡನ್ನು ಅವಳಿಗೊಬ್ಬಳಿಗೇ ಕಲಿಸಿದ್ದಳು, ನಾನು ಸಾಲುಗಳಿಗೆ ಕಿವಿ ಕೊಟ್ಟವಳೇ ಅಲ್ಲ.

ನಾಲ್ಕು ಗಂಟೆಯ ಬಸ್ಸಿಗೆ ಅವಳೇ ಸ್ಟ್ಯಾಂಡಿನ ತನಕ ಬಂದಳು. ಕಿಟಕಿಯ ಹತ್ತಿರ ಸೀಟು ಸಿಕ್ಕಿತೇ ಎಂದು ಕೇಳಿ, ಸಿಕ್ಕಿತೆಂದ ಮೇಲೆ, ಬಸ್ಸು ಬಿಡುವ ಮೊದಲೇ ಡ್ಯೂಟಿಗೆ ಹೊರಟುಹೋದಳು.