ಸಾಕು ಎನ್ನದ ದೊಡ್ಡಮ್ಮ

ಪಂಕ್ತಿಯಲ್ಲಿ ಊಟಕ್ಕೆ ಕೂತಾಗ ಬೇಡವೆನಿಸಿದರೆ ಎಲೆಗೆ ಅಡ್ಡ ಕೈ ಹಿಡಿಯಬೇಕೆಂಬುದು ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು. ನಮ್ಮ ದೊಡ್ಡಮ್ಮನ ಕೈ ಮಾತ್ರ ಯಾವತ್ತೂ ಎಲೆಗೆ ಅಡ್ಡ ಬಂದದ್ದಿಲ್ಲ. ಗೌನಿಪಲ್ಲಿಯಲ್ಲಿ ಅವಳ ತಮ್ಮನ ಮಗಳ ಮದುವೆ. ಬಡಿಸುವವನು ಹೋಳಿಗೆ ಹಾಕಿದ, ತಿಂದಳು. ಎಲೆ ಖಾಲಿ ಇದೆಯೆಂದು ಮತ್ತೆ ಹಾಕಿದ, ಅದನ್ನೂ ತಿಂದಳು. ಅವನು ಹಾಕುವುದು, ಇವಳು ತಿನ್ನುವುದು ನಡೆದೇ ಇತ್ತು. ಪಕ್ಕದಲ್ಲಿದ್ದ ನಾನು ರೇಗಿ, ನನ್ನ ಕೈಯನ್ನೇ ಅವಳ ಎಲೆಗೆ ಅಡ್ಡ ಹಿಡಿದೆ. ಸಂಜೆ ಹೊಟ್ಟೆ ಹಿಡಿದುಕೊಂಡು ಮಲಗಿದ್ದವಳನ್ನು "ಬೇಡ ಅನ್ನೋಕೆ ಏನ್ ಕಷ್ಟ ನಿನಗೆ?" ಎಂದು ಕೇಳಿದೆ.

"ಪಾಪ, ಅಷ್ಟು ಪ್ರೀತಿಯಿಂದ ಹಾಕ್ತಾನೆ ಕಣೇ. ಬೇಡ ಅಂದ್ರೆ ಅವನ ಮುಖ ಹೆಂಗಾಗ್ತದೆ ನೋಡಿದೀಯಾ?"

ಅವನು ಅಡುಗೆ ಕಂಟ್ರಾಕ್ಟಿನ ಕಡೆಯವನು. ಅವನ ಮುಖ ಏನೂ ಆಗುತ್ತಿರಲಿಲ್ಲ.

ದೊಡ್ಡಮ್ಮ ಎಂದರೆ ನಮ್ಮ ಅಮ್ಮನ ಅಕ್ಕ, ವೆಂಕಟಲಕ್ಷ್ಮಮ್ಮ. ಗೌನಿಪಲ್ಲಿಯಲ್ಲಿ ತೆಲುಗಿನಲ್ಲೇ ಬೆಳೆದು ಸುಗಟೂರಿಗೆ ಸೊಸೆಯಾಗಿ ಬಂದವಳು. ಇಲ್ಲಿನ ಕನ್ನಡವನ್ನು ಚೆನ್ನಾಗಿಯೇ ಕಲಿತಳು. ಆದರೆ ತೌರಿನ ಒಂದು ಮಾತನ್ನು ಮಾತ್ರ ಅಷ್ಟು ವರ್ಷವಾದರೂ ಬಿಡಲಿಲ್ಲ: "ಏದೈನಾ ಸರೇ." ಯಾವುದಾದರೂ ಸರಿ ಎಂದು ಅರ್ಥ. ಕಾಫಿಯಾ, ಟೀಯಾ? ಏದೈನಾ ಸರೇ. ಹಸಿರು ಸೀರೆಯಾ, ನೀಲಿಯದಾ? ಏದೈನಾ ಸರೇ. ನಾನೋ, ಒಂದು ಕೇಜಿ ಬದನೆಕಾಯಿ ಕೊಳ್ಳಲು ಕೋಲಾರದ ಮಾರ್ಕೆಟ್ಟನ್ನೆಲ್ಲ ಸುತ್ತುವವಳು. ಆ ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು.

ಹಾಗೆಂದು ಅವಳಿಗೆ ಬೇಕು ಬೇಡಗಳೇ ತಿಳಿಯದೆಂದಲ್ಲ. ಹುಳು ಮನೆಯಲ್ಲಿ ಅವಳನ್ನು ನೋಡಬೇಕಿತ್ತು. ರೇಷ್ಮೆ ಹುಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದು ಸೊಪ್ಪು ಮೇಯುವ ದಿನಗಳಲ್ಲಿ ಬಾಗಿಲೊಳಗೆ ಕಾಲಿಟ್ಟೊಡನೆ, "ಹುಳಕ್ಕೆ ಸೆಕೆ ಆಗ್ತಿದೆ, ಆ ಕಡೆ ಕಿಟಕಿ ತೆಗಿಯೇ" ಎನ್ನುವಳು. ಸೊಪ್ಪು ಬಾಡಿದೆಯೆಂದು, ಗಾಳಿ ಸಾಲದೆಂದು ದೊಡ್ಡಪ್ಪನೊಡನೆ ಗಟ್ಟಿಯಾಗಿ ಜಗಳವಾಡಿದ್ದೂ ಉಂಟು. ಹುಳಗಳ ಪರವಾಗಿ ಆಡಿದ ಜಗಳಗಳವು. ತನ್ನ ಪರವಾಗಿ ಒಂದನ್ನೂ ಆಡಿದ್ದು ನಾನು ಕಾಣೆ.

ದೊಡ್ಡಪ್ಪ ಹೋದ ಮೇಲೆ ಹುಳು ಮೇಯಿಸುವುದು ನಿಂತಿತು. ಅಷ್ಟು ವರ್ಷ ಹುಳದ ತಟ್ಟೆ ಎತ್ತಿ ಇಳಿಸಿದ ಮಂಡಿಗಳು ಆಗ ಸೇಡು ತೀರಿಸಿಕೊಳ್ಳತೊಡಗಿದವು. ಬಚ್ಚಲಿಗೆ ಗೋಡೆ ಹಿಡಿದು ಹೋಗುವಳು. ನೋವಾ ಎಂದರೆ "ಅಂಥದ್ದೇನಿಲ್ಲ" ಎನ್ನುವಳು. ಅವಳ ಮಗ ಮಂಜಣ್ಣ ಹೊಸ ಮನೆ ಕಟ್ಟಿಸುತ್ತಿದ್ದ ಸಮಯ. ಬಿಸಿ ಶಾಖ ಕೊಟ್ಟರೆ ಒಳ್ಳೆಯದೆಂದು ಯಾರೋ ಹೇಳಿದರು. ಅವನು ಮೊಬೈಲಿನಲ್ಲಿ ಏನೇನೋ ನೋಡಿ, ಅಮ್ಮನಿಗೆ ಮನೆಯಲ್ಲೇ ಒಂದು ಸೋನಾ ಹಾಕಿಸುತ್ತೇನೆಂದ.

"ಸೋನಾ ಅಂದ್ರೆ ಅಕ್ಕಿ ಅಲ್ವೇನೋ?" ಎಂದಳು ದೊಡ್ಡಮ್ಮ.

"ಅಕ್ಕಿ ಅಲ್ಲಮ್ಮ, ಕೂತ್ಕೊಂಡು ಬೆವರೋ ಕೋಣೆ."

"ಬೆವರೋಕೆ ಕೋಣೆ ಯಾಕಪ್ಪ?" ಎಂದವಳು, ಮಗನ ಮುಖ ನೋಡಿ ಕೂಡಲೇ "ಆಗ್ಲಿ ಬಿಡು" ಎಂದಳು.

ಬೆಂಗಳೂರಿನ ಒಂದು ಅಂಗಡಿಗೆ ಎಲ್ಲರೂ ಹೋದೆವು. ಅಲ್ಲಿ ಮೂರು ಬಗೆ. ಒಂದು ಪೂರ್ತಿ ಮರದ ಕೋಣೆ; ಮೂಲೆಯಲ್ಲಿ ಕರೆಂಟಿನಿಂದ ಕಾದ ಕಲ್ಲುಗಳು, ಒಣ ಬಿಸಿ. ಇನ್ನೊಂದರಲ್ಲಿ ಕೆಂಪು ದೀಪಗಳು. ಗಾಳಿ ಅಷ್ಟು ಕಾಯುವುದಿಲ್ಲ, ಮೈ ಮಾತ್ರ ಕಾಯುತ್ತದೆಯಂತೆ. ಮೂರನೆಯದು ಮಡಚುವ ಬಟ್ಟೆಯ ಡೇರೆ. ಹೊರಗಿನ ಪಾತ್ರೆಯಿಂದ ಪೈಪಿನಲ್ಲಿ ಹಬೆ ಬರುತ್ತದೆ, ಕೂತವರ ತಲೆ ಮಾತ್ರ ಆಚೆ. ಮಂಜಣ್ಣನಿಗೆ ಮರದ್ದೇ ಆಗಬೇಕು, ಬಂದವರು ನೋಡಬೇಕಲ್ಲ! ನನಗೆ ಕೆಂಪು ದೀಪದ್ದು ಸರಿಯೆನಿಸಿತು. ಮಂಜಣ್ಣನ ಹೆಂಡತಿ, ನಮ್ಮ ಅತ್ತಿಗೆಗೆ ಡೇರೆ; ಬೇಡವಾದಾಗ ಅಟ್ಟಕ್ಕೆ ಹಾಕಬಹುದು. ದೊಡ್ಡಮ್ಮನನ್ನು ಒಂದೊಂದರಲ್ಲೂ ಕೂರಿಸಿದೆವು. ಮೊದಲನೆಯದು ಚೆನ್ನಾಗಿತ್ತು. ಎರಡನೆಯದೂ ಚೆನ್ನಾಗಿತ್ತು. ಮೂರನೆಯದೂ.

"ನಿನ್ನ ಮಂಡಿಗೆ ಯಾವುದು ಹಿತ ಅನ್ನಿಸ್ತು, ಅದನ್ನ ಹೇಳು ದೊಡ್ಡಮ್ಮ."

"ಏದೈನಾ ಸರೇ ಕಣೇ."

ಅಂಗಡಿಯವರಿಗೆ ತೆಲುಗು ಬರುತ್ತಿತ್ತೆಂದು ಕಾಣುತ್ತದೆ, ನಕ್ಕುಬಿಟ್ಟರು. ನನಗೆ ಅಳು ಬರುವಂತಾಗಿತ್ತು. ಕೊನೆಗೆ ಅತ್ತಿಗೆಯ ಡೇರೆಯೇ ಕಾರಿನ ಡಿಕ್ಕಿಯಲ್ಲಿ ಊರಿಗೆ ಬಂತು.

ಒಂದು ಭಾನುವಾರ ನಾನು ಸುಗಟೂರಿಗೆ ಹೋದಾಗ ಅವಳು ಡೇರೆಯೊಳಗೆ ಕೂತಿದ್ದಳು. ಬಟ್ಟೆಯ ಗುಡ್ಡದ ಮೇಲೆ ಅವಳ ಪುಟ್ಟ ತಲೆ, ಹಣೆಯ ಬೆವರು ಮೂಗಿನ ಮೇಲೆ ಇಳಿದಿತ್ತು. ನಾನು ನಕ್ಕೆ, ಅವಳೂ ನಕ್ಕಳು.

"ಬಿಸಿ ಸಾಕಾ?" ಎಂದೆ.

"ನೀನೇ ಹೇಳು."

"ಒಳಗಿರೋಳು ನೀನು. ನಾನು ಹೆಂಗೆ ಹೇಳ್ಲಿ? ಸಾಕಾ, ಇನ್ನೂ ಬೇಕಾ?"

"ಏದೈನಾ ಸರೇ."

ಅತ್ತಿಗೆ ತಂದ ಕಾಫಿ ಕುಡಿಯುತ್ತ ಅದೂ ಇದೂ ಮಾತಾಡುತ್ತಿದ್ದೆವು. ದೊಡ್ಡಮ್ಮನೂ ಹೂಂಗುಟ್ಟುತ್ತಿದ್ದಳು. ಒಂದು ಮಾತಿಗೆ ಹೂಂ ಬರಲಿಲ್ಲ. ತಿರುಗಿ ನೋಡಿದರೆ ತಲೆ ಒಂದು ಪಕ್ಕಕ್ಕೆ ವಾಲಿತ್ತು. ಜಿಪ್ಪು ಎಳೆದು ಹೊರಗೆ ಮಲಗಿಸಿದೆವು. ತೊಡೆಯೆಲ್ಲ ಕೆಂಪಾಗಿತ್ತು, ಮುಖದಲ್ಲಿ ರಕ್ತವೇ ಇರಲಿಲ್ಲ. ಕೋಲಾರದ ಡಾಕ್ಟರು ನಮಗೆಲ್ಲ ಸೇರಿಸಿ ಬೈದರು. "ಬಿಪಿ ಮಾತ್ರೆ ತಗೊಳ್ಳೋರನ್ನ ಡಾಕ್ಟರನ್ನ ಕೇಳದೆ ಇದರಲ್ಲೆಲ್ಲ ಕೂರಿಸ್ತೀರಾ? ಅಲ್ಲಮ್ಮ, ತಡೆಯೋಕಾಗ್ದೆ ಇದ್ದಾಗ ಸಾಕು ಅನ್ನಬೇಕು ತಾನೆ?" ದೊಡ್ಡಮ್ಮ ತಪ್ಪು ಮಾಡಿದವಳಂತೆ ಸೆರಗು ಸರಿಮಾಡಿಕೊಂಡಳು.

ಹುಳಕ್ಕೆ ಸೆಕೆಯಾದರೆ ಬಾಗಿಲಲ್ಲೇ ತಿಳಿಯುತ್ತಿದ್ದವಳಿಗೆ ತನ್ನ ಸೆಕೆ ತಿಳಿಯದೇ? ತಿಳಿದೇ ಇತ್ತು. ನಾವು ಮಾತಾಡುತ್ತಿದ್ದೆವಲ್ಲ, ನಡುವೆ ಬಾಯಿ ಹಾಕುವುದೇಕೆಂದು ಸುಮ್ಮನಿದ್ದಳಂತೆ.

ಮನೆಗೆ ಬಂದು ಮಂಜಣ್ಣನೂ ನಾನೂ ಜಗಳಕ್ಕೆ ನಿಂತೆವು. ಮರದ್ದೇ ತರಬೇಕಿತ್ತೆಂದು ಅವನು, ಕೆಂಪು ದೀಪದ್ದಾಗಿದ್ದರೆ ಹೀಗಾಗುತ್ತಿರಲಿಲ್ಲವೆಂದು ನಾನು. ಸಿಟ್ಟಿನಲ್ಲಿ ಅಂಗಡಿಗೇ ಫೋನು ಮಾಡಿದೆ. ಅವರು ಸಮಾಧಾನವಾಗಿ, "ಮೂರಕ್ಕೂ ರೂಲು ಒಂದೇ ಮೇಡಂ. ಒಳಗೆ ಕೂತೋರಿಗೆ ಸಾಕು ಅನ್ಸಿದ ತಕ್ಷಣ ಎದ್ದು ಬರಬೇಕು" ಎಂದರು. ಫೋನು ಇಟ್ಟೆ. ಸಾಕು ಎನ್ನದವರಿಗೆಂದು ಮಾಡಿದ್ದು ಯಾವುದಾದರೂ ಇದೆಯೇ ಎಂದು ಯಾರನ್ನು ಕೇಳಲಿ?

ಮಂಚದಿಂದ ದೊಡ್ಡಮ್ಮನ ದನಿ ಬಂತು. "ನನ್ನಿಂದ ನಿಮ್ಮಿಬ್ಬರಿಗೂ ಜಗಳ ಬೇಡ ಕಣಪ್ಪ. ಯಾವುದಾದ್ರೂ ತನ್ನಿ, ಕೂರ್ತೀನಿ."

ನಿಜವಾಗಿಯೂ ಕೂರುತ್ತಿದ್ದಳು. ಅದೇ ನನಗೆ ಭಯವಾದದ್ದು. ಡೇರೆ ಅಟ್ಟ ಸೇರಿತು.

ಈ ಸಲ ಮಾವಿನ ಕಾಲ ಮುಗಿಯುವ ಹೊತ್ತಿಗೆ ಹಾಸಿಗೆ ಹಿಡಿದಳು. ಕಿಡ್ನಿ ಎಂದರು. ಯಾವಾಗಿನಿಂದ ತೊಂದರೆ ಇತ್ತು ಎಂದು ಆಸ್ಪತ್ರೆಯಲ್ಲಿ ಕೇಳಿದರು. ನಮಗ್ಯಾರಿಗೂ ಗೊತ್ತಿರಲಿಲ್ಲ. ಅವಳನ್ನೇ ಕೇಳಿದರೆ "ಅಂಥದ್ದೇನಿಲ್ಲ" ಎಂದಳು. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿಕೊಟ್ಟರು.

ಕೊನೆಯ ಸಲ ಹೋದಾಗ ರಾಗಿ ಗಂಜಿಯನ್ನು ತೆಳ್ಳಗೆ ಮಾಡಿಕೊಂಡು ಪಕ್ಕದಲ್ಲಿ ಕೂತೆ. ಚಮಚ ತುಟಿಗಿಟ್ಟರೆ ಬಾಯಿ ತೆರೆಯುವಳು. ಎಂದಿನಂತೆ ಕೊಟ್ಟದ್ದನ್ನೆಲ್ಲ ನುಂಗುತ್ತಾಳೆಂದು ನನಗೆ ಒಳಗೊಳಗೇ ಧೈರ್ಯ ಬಂತು. ಎರಡು ಮೂರು ಗುಟುಕು ಆಗಿರಬೇಕು. ಹೊದಿಕೆಯ ಕೆಳಗಿನಿಂದ ಕೈ ನಿಧಾನವಾಗಿ ಹೊರಗೆ ಬಂತು. ಬಂದು, ಬಟ್ಟಲಿನ ಮೇಲೆ ಅಡ್ಡ ನಿಂತಿತು.

"ಸಾಕು ಕಣೇ" ಎಂದಳು.

ಅಷ್ಟು ವರ್ಷ ಈ ಒಂದು ಮಾತಿಗಾಗಿ ಅವಳ ಪ್ರಾಣ ತಿಂದಿದ್ದೆ. ಈಗ ಕೇಳಿಸದವಳಂತೆ ಚಮಚ ತುಂಬಿಸಲು ಹೋದೆ. ಕೈ ಕದಲಲಿಲ್ಲ.

"ಗಂಜಿ ಬೇಡ್ವಾ? ಹೋಗ್ಲಿ ಬಿಡು. ಹಾಲು ಕೊಡ್ಲಾ, ಮಜ್ಜಿಗೆ ಕೊಡ್ಲಾ?"

ಬಾಗಿ ಅವಳ ಬಾಯಿಯ ಹತ್ತಿರ ಕಿವಿಯಿಟ್ಟು ಕಾದೆ. "ಹಾಲಾ ದೊಡ್ಡಮ್ಮ, ಮಜ್ಜಿಗೆನಾ?" ಎಂದು ಮತ್ತೆ ಕೇಳಿದೆ. ಏದೈನಾ ಸರೇ ಎನ್ನಲೇ ಇಲ್ಲ.